ಕಂಪನಿಯ ಬೋರ್ಡು ಬದಲಾಯಿತು, ಬೀಗದ ಕೈ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ಮನೆಗೆ ಕ್ಯಾಮೆರಾ, ಅಂಗಡಿಗೆ ಅಲಾರಂ, ಅಪಾರ್ಟ್‌ಮೆಂಟಿಗೆ ಸೆಕ್ಯೂರಿಟಿ ಗಾರ್ಡ್ ಒದಗಿಸುವ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಾಗ ಗ್ರಾಹಕರಿಗೆ ಬರುವುದು ಹೆಚ್ಚೆಂದರೆ ಒಂದು ವಾಟ್ಸಾಪ್ ಸಂದೇಶ: ‘ಹೆಸರು ಹೊಸದು, ಸೇವೆ ಅದೇ.’ ಕ್ಯಾಮೆರಾದ ಪಾಸ್‌ವರ್ಡು, ಅಲಾರಂ ಪೆಟ್ಟಿಗೆಯ ಕೋಡು, ಅದರೊಳಗಿನ ಸಿಮ್ಮು, ಮನೆಯವರು ಯಾವಾಗ ಊರಲ್ಲಿರುವುದಿಲ್ಲ ಎಂಬ ವಿವರ, ಇವೆಲ್ಲ ಯಾರ ಕೈಯಿಂದ ಯಾರ ಕೈಗೆ ಹೋದವು ಎಂಬುದು ಆ ಸಂದೇಶದಲ್ಲಿ ಇರುವುದಿಲ್ಲ. ಮೈಸೂರು, ಮಂಡ್ಯ ಭಾಗದಲ್ಲಿ ಈ ಉಪಕರಣಗಳನ್ನು ಅಳವಡಿಸಿ ರಿಪೇರಿ ಮಾಡುವವರು ನಾವು. ಇಂಥ ಹೊತ್ತಿನಲ್ಲಿ ಗ್ರಾಹಕರು ಏನೇನು ನೋಡಿಕೊಳ್ಳಬೇಕು ಎಂದು ತಿಳಿಸಲು ಈ ಪತ್ರ.

ವಿಲೀನ ನಮ್ಮ ಜನಕ್ಕೆ ಹೊಸದಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಜೊತೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಬೋರ್ಡುಗಳೂ ಇಳಿದವು. ಬೇಸರ ಎಷ್ಟೇ ಇದ್ದರೂ ಅಲ್ಲಿ ಸರ್ಕಾರದ ಅಧಿಸೂಚನೆ ಇತ್ತು, ಮೇಲೆ ರಿಸರ್ವ್ ಬ್ಯಾಂಕ್ ಇತ್ತು. ಹಳೆಯ ಚೆಕ್ ಪುಸ್ತಕ ಯಾವಾಗಿನವರೆಗೆ ನಡೆಯುತ್ತದೆ, ಹೊಸ ಐಎಫ್‌ಎಸ್‌ಸಿ ಯಾವುದು ಎಂದು ತಿಳಿಸುವವರಿದ್ದರು. ಕ್ಯಾಮೆರಾ, ಅಲಾರಂ ಕಂಪನಿಗಳು ಮಾರಾಟವಾದಾಗ ಹಾಗೆ ದಿನಾಂಕ ಗೊತ್ತುಮಾಡಿ ಹೇಳುವವರು ಯಾರೂ ಇಲ್ಲ.

ಈ ಉದ್ಯಮದಲ್ಲಂತೂ ಕೊಡು-ಕೊಳ್ಳುವುದಕ್ಕೆ ಬಿಡುವೇ ಇಲ್ಲ. ಪೆಲ್ಕೊ ಕ್ಯಾಮೆರಾ ಕಂಪನಿಯನ್ನು 2007ರಲ್ಲಿ ಫ್ರಾನ್ಸಿನ ಶ್ನೈಡರ್ ಕೊಂಡಿತು, 2019ರಲ್ಲಿ ಒಂದು ಹೂಡಿಕೆ ಸಂಸ್ಥೆಗೆ ಮಾರಿತು, ಮರುವರ್ಷವೇ ಅದು ಮೊಟೊರೊಲಾ ಸೊಲ್ಯೂಷನ್ಸ್ ಪಾಲಾಯಿತು. ಸ್ಯಾಮ್‌ಸಂಗ್ ಟೆಕ್‌ವಿನ್ 2015ರಲ್ಲಿ ಹನ್ವಾ ಗುಂಪಿಗೆ ಹೋಗಿ ಹನ್ವಾ ಟೆಕ್‌ವಿನ್ ಆಯಿತು, 2023ರಲ್ಲಿ ಮತ್ತೆ ಹೆಸರು ಬದಲಿಸಿ ಹನ್ವಾ ವಿಷನ್ ಆಯಿತು. ಹೋಟೆಲ್ ಕೋಣೆಗಳ ಕಾರ್ಡ್ ಬೀಗ ಮಾಡುವ ಆನಿಟಿ 2024ರಲ್ಲಿ ಕ್ಯಾರಿಯರ್‌ನಿಂದ ಹನಿವೆಲ್‌ಗೆ ಬಂತು. ಗಾರ್ಡುಗಳ ಲೋಕದಲ್ಲಿ ಜಿ4ಎಸ್ ಸಂಸ್ಥೆಯನ್ನು 2021ರಲ್ಲಿ ಅಲೈಡ್ ಯೂನಿವರ್ಸಲ್ ಕೊಂಡಿತು. ಇವುಗಳಲ್ಲೆಲ್ಲ ಗ್ರಾಹಕರಿಗೆ ಕೆಟ್ಟದ್ದೇ ಆಯಿತು ಎಂದು ನಾವು ಹೇಳುತ್ತಿಲ್ಲ. ದೊಡ್ಡ ಕಂಪನಿಯ ಕೈ ಸೇರಿದ ಮೇಲೆ ಬಿಡಿಭಾಗ, ಸಾಫ್ಟ್‌ವೇರ್ ಅಪ್‌ಡೇಟ್ ಸುಧಾರಿಸುವುದೂ ಉಂಟು. ಆದರೆ ಡ್ರಾಪ್‌ಕ್ಯಾಮ್ ಕ್ಯಾಮೆರಾದ ಗತಿಯನ್ನು ನೋಡಿ. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2024ರ ಏಪ್ರಿಲ್ 8ರಂದು ಆ ಕ್ಯಾಮೆರಾಗಳ ಸರ್ವರ್ ಸೇವೆ ನಿಂತಿತು. ಲೆನ್ಸು ಚೆನ್ನಾಗಿತ್ತು, ವಿದ್ಯುತ್ ಬರುತ್ತಿತ್ತು, ಆದರೂ ಚಿತ್ರ ನೋಡುವಂತಿರಲಿಲ್ಲ. ವಿಡಿಯೊ ಕಂಪನಿಯ ಸರ್ವರ್ ಮೂಲಕವೇ ಬರಬೇಕು ಎಂಬ ರಚನೆಯ ಕ್ಯಾಮೆರಾಗಳೆಲ್ಲಕ್ಕೂ ಈ ಅಪಾಯ ಇದೆ. ಅದಕ್ಕೇ ಕೊಳ್ಳುವಾಗ ‘ಆನ್‌ವಿಫ್’ (ಬೇರೆ ಬೇರೆ ಬ್ರ್ಯಾಂಡಿನ ಉಪಕರಣಗಳು ಒಂದಕ್ಕೊಂದು ಹೊಂದಿಕೊಳ್ಳಲು ಇರುವ ಮಾನದಂಡ) ಬೆಂಬಲವಿರುವ, ನಿಮ್ಮ ಮನೆಯ ರೆಕಾರ್ಡರ್‌ನಲ್ಲೇ ವಿಡಿಯೊ ಉಳಿಸುವ ಕ್ಯಾಮೆರಾ ಕೇಳಿ. ಕಂಪನಿ ಮುಳುಗಿದರೂ ಅದು ಬೇರೆ ಬ್ರ್ಯಾಂಡಿನ ರೆಕಾರ್ಡರ್ ಜೊತೆ ಕೆಲಸ ಮಾಡುತ್ತದೆ.

ಬದಲಾದದ್ದು ಬರೀ ಹೆಸರೋ, ಒಡೆತನವೂ ಹೌದೋ ಎಂದು ತಿಳಿಯಲು ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಜಿಎಸ್‌ಟಿ ನಂಬರ್ ಓದಿ. ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು 29 ಇದ್ದರೆ ಕರ್ನಾಟಕ. ಮುಂದಿನ ಹತ್ತು ಆ ಸಂಸ್ಥೆಯ ಪ್ಯಾನ್. ಆ ಹತ್ತು ಎರಡೂ ಬಿಲ್ಲಿನಲ್ಲಿ ಒಂದೇ ಆಗಿದ್ದರೆ ಸಂಸ್ಥೆ ಹಳೆಯದೇ; ಅದರ ಷೇರುಗಳನ್ನು ಯಾರೇ ಕೊಂಡಿದ್ದರೂ ನಿಮ್ಮ ಹಳೆಯ ಒಪ್ಪಂದ, ವಾರಂಟಿ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಅದರ ಮೇಲೆ ಹಾಗೆಯೇ ನಡೆಯುತ್ತವೆ. ಬೇರೆಯಾಗಿದ್ದರೆ ನೀವೀಗ ಬೇರೊಂದು ಸಂಸ್ಥೆಯ ಜೊತೆ ವ್ಯವಹರಿಸುತ್ತಿದ್ದೀರಿ ಎಂದರ್ಥ. ಪ್ಯಾನ್‌ನ ನಾಲ್ಕನೆಯ ಅಕ್ಷರವನ್ನೂ ನೋಡಿ: ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ, ‘ಪಿ’ ಇದ್ದರೆ ಒಬ್ಬ ವ್ಯಕ್ತಿ. ದೊಡ್ಡ ಬ್ರ್ಯಾಂಡಿನ ಲೋಗೊ ಹಾಕಿದ ಬಿಲ್ಲಿನಲ್ಲಿ ‘ಪಿ’ ಕಂಡರೆ ನಿಮಗೆ ಸೇವೆ ಕೊಡುತ್ತಿರುವುದು ಸ್ಥಳೀಯ ಡೀಲರ್. ಅದು ತಪ್ಪಲ್ಲ, ಆದರೆ ನಾಳೆ ಜವಾಬು ಕೇಳಬೇಕಾದದ್ದು ಯಾರನ್ನು ಎಂಬುದು ಗೊತ್ತಿರಲಿ. ಸಂಸ್ಥೆ ಬೇರೆಯಾದರೆ ‘ಹಳೆಯ ಎಎಂಸಿಯ ಉಳಿದ ಅವಧಿ, ವಾರಂಟಿ ಎರಡನ್ನೂ ನಾವು ವಹಿಸಿಕೊಂಡಿದ್ದೇವೆ’ ಎಂದು ಲೆಟರ್‌ಹೆಡ್‌ನಲ್ಲಿ ಒಂದು ಪುಟ ಬರೆಸಿಕೊಳ್ಳದೆ ದುಡ್ಡು ಕಟ್ಟಬೇಡಿ.

ಈ ಗೊಂದಲವನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. ‘ನಿಮ್ಮ ಹಳೆಯ ಕಂಪನಿ ಮುಚ್ಚಿತು, ಅದರ ಗ್ರಾಹಕರೆಲ್ಲ ಈಗ ನಮಗೆ ಸೇರಿದ್ದಾರೆ, ಅಲಾರಂ ಪ್ಯಾನಲ್ ಬದಲಿಸಬೇಕು’ ಎಂದು ಬಾಗಿಲಿಗೆ ಬರುವವರ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಲ್ಲಿನ ಜನರನ್ನು ಎಚ್ಚರಿಸಿದೆ. ಇಲ್ಲಿಗೂ ಅದೇ ಮದ್ದು: ಬಂದವರು ಕೊಟ್ಟ ನಂಬರಿಗಲ್ಲ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಅಲ್ಲಿಯವರೆಗೆ ಯಾರನ್ನೂ ಡಿವಿಆರ್ (ಕ್ಯಾಮೆರಾದ ವಿಡಿಯೊ ದಾಖಲಿಸುವ ಪೆಟ್ಟಿಗೆ) ಇರುವ ಕೋಣೆಗೆ ಬಿಡಬೇಡಿ. ಇನ್ನೊಂದು ಮಾತೂ ಕೇಳಿಬರುತ್ತಿದೆ: ‘ಹೊಸ ಕಾನೂನಿನ ಪ್ರಕಾರ ನಿಮ್ಮ ಹಳೆಯ ಕ್ಯಾಮೆರಾ ನಡೆಯುವುದಿಲ್ಲ’ ಎಂದು. 2025ರ ಏಪ್ರಿಲ್ 9ರಿಂದ ಜಾರಿಗೆ ಬಂದ ಕೇಂದ್ರದ ಪರೀಕ್ಷಾ ನಿಯಮ ಕ್ಯಾಮೆರಾ ತಯಾರಿಸುವ, ಆಮದು ಮಾಡುವ, ಮಾರುವವರಿಗೆ ಸಂಬಂಧಿಸಿದ್ದು. ನಿಮ್ಮ ಗೋಡೆಯ ಮೇಲೆ ಈಗಾಗಲೇ ಇರುವುದನ್ನು ಕಿತ್ತುಹಾಕಿ ಎಂದು ಅದು ಹೇಳುವುದಿಲ್ಲ.

ಇನ್ನು ಡಿವಿಆರ್ ಅಥವಾ ಅದೇ ಕೆಲಸ ಮಾಡುವ ಎನ್‌ವಿಆರ್. ಹೆಚ್ಚು ಪೇಚಾಟ ಇಲ್ಲೇ. ಅಳವಡಿಸಲು ಬಂದ ಹುಡುಗ ಕೆಲಸ ಬೇಗ ಮುಗಿಯಲಿ ಎಂದು ತನ್ನದೇ ಮೊಬೈಲ್ ನಂಬರಿನಲ್ಲಿ ಆ್ಯಪ್ ಖಾತೆ ತೆರೆದು, ಪೆಟ್ಟಿಗೆಯ ಕ್ಯೂಆರ್ ಸ್ಕ್ಯಾನ್ ಮಾಡಿ, ಮನೆಯವರಿಗೆ ‘ಶೇರ್’ ಮಾಡಿ ಹೋಗಿರುತ್ತಾನೆ. ಆಗ ಉಪಕರಣದ ಯಜಮಾನ ಅವನು, ನೀವು ಅತಿಥಿ. ಕಂಪನಿ ಕೈ ಬದಲಾದಾಗ ಅವನು ಕೆಲಸ ಬಿಟ್ಟಿರುತ್ತಾನೆ, ಹೊಸಬರು ಸ್ಕ್ಯಾನ್ ಮಾಡಿದರೆ ‘ಈ ಉಪಕರಣ ಬೇರೆ ಖಾತೆಗೆ ಸೇರಿದೆ’ ಎನ್ನುತ್ತದೆ. ಬಿಡಿಸಿಕೊಳ್ಳಲು ಸೀರಿಯಲ್ ನಂಬರ್, ಖರೀದಿ ಬಿಲ್ಲು ಕಳಿಸಿ ತಯಾರಕರನ್ನೇ ಕೇಳಬೇಕು. ತಯಾರಕರೇ ಸೇವೆ ನಿಲ್ಲಿಸಿದ್ದರೆ ಆ ದಾರಿಯೂ ಇಲ್ಲ. ಆದ್ದರಿಂದ ಹಳೆಯ ಕಂಪನಿಯವರು ಫೋನ್ ಎತ್ತುತ್ತಿರುವಾಗಲೇ ಅವರ ಖಾತೆಯಿಂದ ಉಪಕರಣವನ್ನು ತೆಗೆಸಿ, ನಿಮ್ಮ ನಂಬರಿನಲ್ಲಿ ಸೇರಿಸಿಕೊಳ್ಳಿ. ಆಮೇಲೆ ಡಿವಿಆರ್‌ಗೆ ಮಾನಿಟರ್, ಮೌಸ್ ಸಿಕ್ಕಿಸಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಬಳಕೆದಾರರ ಪಟ್ಟಿ ತೆರೆದು ಗುರುತಿಲ್ಲದ ಹೆಸರುಗಳನ್ನು ಅಳಿಸಿ. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು, ಅಡ್ಮಿನ್ ಹಕ್ಕಿನ ಎರಡನೆಯ ಬಳಕೆದಾರ ಹಾಗೇ ಉಳಿದಿದ್ದರೆ ಹಳಬರು ಅಲ್ಲಿಂದಲೇ ಒಳಗೆ ಬರಬಹುದು. ಹೊಸ ಕಂಪನಿಗೆ ರಿಪೇರಿಗೆ ಬೇಕಾದಷ್ಟು ಹಕ್ಕಿನ ಪ್ರತ್ಯೇಕ ಖಾತೆ ಕೊಟ್ಟರೆ ಸಾಕು.

ಫ್ಯಾಕ್ಟರಿ ರೀಸೆಟ್ ಮಾಡುತ್ತೇವೆ ಎಂದರೆ ಮೊದಲು ಬೇಕಾದ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ರೀಸೆಟ್ ಆದ ಮೇಲೆ ಎರಡು ಸಂಗತಿ ಸದ್ದಿಲ್ಲದೆ ಕೆಡುತ್ತವೆ. ಒಂದು, ವಿಡಿಯೊ ಕುಗ್ಗಿಸುವ ವಿಧಾನ. ಎಚ್.265ರಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಾಲ್ಕು ಕ್ಯಾಮೆರಾ ಇಡೀ ದಿನ ದಾಖಲಿಸಿದರೆ ದಿನಕ್ಕೆ ಸುಮಾರು 86 ಜಿಬಿ. 2 ಟಿಬಿ ಡಿಸ್ಕಿನಲ್ಲಿ ಹೆಚ್ಚುಕಡಿಮೆ 23 ದಿನದ ವಿಡಿಯೊ ಉಳಿಯುತ್ತದೆ. ರೀಸೆಟ್‌ನಿಂದ ಅದು ಎಚ್.264, 4 ಮೆಗಾಬಿಟ್‌ಗೆ ಮರಳಿದರೆ ಅದೇ ಡಿಸ್ಕಿನಲ್ಲಿ 11 ದಿನ. ಕಳ್ಳತನವಾಗಿ ಎರಡು ವಾರದ ಮೇಲೆ ಪೊಲೀಸರು ಕೇಳಿದಾಗಲೇ ಇದು ಗೊತ್ತಾಗುವುದು. ಹೆಚ್ಚು ಜನ ಸೇರುವ ಸ್ಥಳಗಳಿಗೆ ಅನ್ವಯಿಸುವ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ವಿಡಿಯೊ ಇರಬೇಕೆನ್ನುತ್ತದೆ. ಕಲ್ಯಾಣ ಮಂಟಪ, ದೊಡ್ಡ ಅಂಗಡಿಯವರು ನಾಲ್ಕು ಕ್ಯಾಮೆರಾಕ್ಕೆ 4 ಟಿಬಿ ಡಿಸ್ಕನ್ನೇ ಹಾಕಿಸುವುದು ಲೇಸು. ಇನ್ನೊಂದು, ಗಡಿಯಾರ. ಸಮಯ ಸರಿಪಡಿಸಿಕೊಳ್ಳಲು ಡಿವಿಆರ್ ಹಳೆಯ ಕಂಪನಿಯ ಸರ್ವರನ್ನು ಕೇಳುತ್ತಿದ್ದರೆ, ಅದು ನಿಂತ ಮೇಲೆ ದಿನದಿನಕ್ಕೆ ಸೆಕೆಂಡುಗಳು ಜಾರಿ ತಿಂಗಳುಗಳಲ್ಲಿ ನಿಮಿಷಗಳಾಗುತ್ತವೆ. ಒಳಗಿನ ನಾಣ್ಯದಾಕಾರದ ಬ್ಯಾಟರಿಯೂ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕವೇ ತಪ್ಪುತ್ತದೆ. ತಪ್ಪು ಸಮಯದ ವಿಡಿಯೊವನ್ನು ಪ್ರಕರಣದಲ್ಲಿ ಎದುರಾಳಿ ವಕೀಲರು ಸುಲಭವಾಗಿ ಬಿಡುವುದಿಲ್ಲ.

ಅಲಾರಂನದು ಬೇರೆ ಕಥೆ. ಪೆಟ್ಟಿಗೆಗೆ ಎರಡು ಕೋಡ್ ಇರುತ್ತವೆ: ದಿನಾ ಆನ್-ಆಫ್ ಮಾಡಲು ನಿಮ್ಮದು, ಒಳಗಿನ ವ್ಯವಸ್ಥೆ ಬದಲಿಸಲು ಅಳವಡಿಸಿದವರದು. ಎರಡನೆಯದನ್ನು ಕೊಡದೆ ಹಳೆಯ ಕಂಪನಿ ಹೋದರೆ ಹೊಸಬರು ‘ಇಡೀ ಪ್ಯಾನಲ್ ಬದಲಿಸಿ’ ಎನ್ನುತ್ತಾರೆ. ಕೆಲವು ಮಾದರಿಗಳಲ್ಲಿ ಅದು ನಿಜವೂ ಹೌದು. ಕೇಳಿ ಬರೆದಿಟ್ಟುಕೊಳ್ಳಿ. ಒಳಗಿನ ಸಿಮ್ ಯಾರ ಹೆಸರಿನಲ್ಲಿದೆ ಎಂದೂ ಕೇಳಿ. ಹಳೆಯ ಕಂಪನಿಯದ್ದಾಗಿದ್ದರೆ ಅವರು ರೀಚಾರ್ಜ್ ನಿಲ್ಲಿಸಿದ ದಿನದಿಂದ ಸೈರನ್ ಬೀದಿಗಷ್ಟೇ ಕೇಳುತ್ತದೆ, ಅಲಾರಂ ಕಂಪನಿಯ ಕಂಟ್ರೋಲ್ ರೂಮಿಗಲ್ಲ. ಪರೀಕ್ಷೆ ಸುಲಭ. ಹೊಸ ಕಂಪನಿಗೆ ಮೊದಲೇ ತಿಳಿಸಿ, ಅಲಾರಂ ಹಾಕಿ, ಬಾಗಿಲು ತೆರೆದು, ಫೋನ್ ಬರಲು ಎಷ್ಟು ನಿಮಿಷ ಹಿಡಿಯಿತು ನೋಡಿ. ಪ್ರತಿ ಸೆನ್ಸರ್‌ಗೂ ಹೀಗೆ ಮಾಡಿ. ಆಮೇಲೆ ಮೇನ್ಸ್ ತೆಗೆದು ಒಂದು ಗಂಟೆ ಬ್ಯಾಟರಿಯಲ್ಲೇ ಬಿಡಿ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಅಷ್ಟರೊಳಗೆ 12 ವೋಲ್ಟಿಗಿಂತ ಕೆಳಗಿಳಿದರೆ ಬದಲಿಸುವ ಕಾಲ ಬಂದಿದೆ. ಕರೆ ಮಾಡಬೇಕಾದವರ ಪಟ್ಟಿಯನ್ನು ಹೊಸದಾಗಿ ಬರೆದು ಕೊಡಿ. ಹಳೆಯದರಲ್ಲಿ ಅಂಗಡಿ ಬಿಟ್ಟುಹೋದ ಕೆಲಸಗಾರನ ನಂಬರ್ ಇರಬಹುದು. ಕಂಟ್ರೋಲ್ ರೂಂ ಈಗ ಯಾವ ಊರಿನಲ್ಲಿದೆ, ರಾತ್ರಿ ಎರಡು ಗಂಟೆಗೆ ಕನ್ನಡದಲ್ಲಿ ಮಾತಾಡುವವರು ಇರುತ್ತಾರೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಕುವೆಂಪುನಗರದಲ್ಲಿ ಒಂಟಿಯಾಗಿರುವ ಅಜ್ಜಿಗೆ ದೂರದೂರಿನಿಂದ ಹಿಂದಿಯಲ್ಲಿ ಕರೆ ಬಂದರೆ ಉಪಯೋಗವೇನು?

ಗಾರ್ಡ್ ಏಜೆನ್ಸಿಗಳಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಇದೆ. ಪರವಾನಗಿ ಐದು ವರ್ಷಕ್ಕೆ. ಅದನ್ನು ಕಚೇರಿಯಲ್ಲಿ ಎದ್ದುಕಾಣುವಂತೆ ತೂಗುಹಾಕಬೇಕು. ಕೇಂದ್ರದ ಮಾದರಿ ನಿಯಮಗಳಲ್ಲಿ ಗಾರ್ಡಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಹೇಳಿದೆ. ಹೆಸರು ಬದಲಾದಾಗ ಹೊಸ ಹೆಸರಿನ ಪರವಾನಗಿ ಪ್ರತಿ ಕೇಳಿ. ಸಮವಸ್ತ್ರ ಮಾತ್ರ ಬದಲಾಗಿ ಮನುಷ್ಯ ಅವನೇ ಇದ್ದರೆ ಅವನ ಪಿಎಫ್, ಇಎಸ್ಐ ಮುಂದುವರಿದಿದೆಯೇ ಎಂದು ಚಲನ್ ನೋಡಿ. ಸಂಬಳ ಕಡಿತವಾದ ಗಾರ್ಡ್ ಎರಡು ಕಡೆ ಪಾಳಿ ಮಾಡಿ ನಿಮ್ಮ ಗೇಟಿನಲ್ಲಿ ತೂಕಡಿಸುತ್ತಾನೆ. ಹಳೆಯ ಏಜೆನ್ಸಿ ಹೋಗುವಾಗ ಸಂದರ್ಶಕರ ಪುಸ್ತಕಗಳನ್ನು ಸಂಘದವರು ಎಣಿಸಿ ತೆಗೆದುಕೊಳ್ಳಲಿ. ಅದರಲ್ಲಿ ಇಡೀ ಬಡಾವಣೆಯ ಫೋನ್ ನಂಬರುಗಳಿರುತ್ತವೆ.

ಕಾನೂನಿನಲ್ಲಿ ಗ್ರಾಹಕರಿಗೆ ಆಸರೆ ಇಲ್ಲವೆಂದಲ್ಲ. ಗ್ರಾಹಕರ ಒಪ್ಪಿಗೆ ಇಲ್ಲದೆ, ಅವರಿಗೆ ನಷ್ಟವಾಗುವಂತೆ ಒಪ್ಪಂದವನ್ನು ಬೇರೆಯವರಿಗೆ ವರ್ಗಾಯಿಸಲು ಬಿಡುವ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಒಪ್ಪಂದ’ಗಳ ಸಾಲಿನಲ್ಲಿ ಸೇರಿಸಿದೆ. ಆದರೆ ಅಂಥ ದೂರು ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ದುಡ್ಡು ಪಡೆದೂ ಸೇವೆ ಕೊಡಲಿಲ್ಲ ಎಂಬ ದೂರಾದರೆ ಮೈಸೂರು ಅಥವಾ ಮಂಡ್ಯದ ಜಿಲ್ಲಾ ಆಯೋಗ ಸಾಕು; ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಮೊದಲು 1915ಕ್ಕೆ ಕರೆ ಮಾಡಬಹುದು. ದೊಡ್ಡ ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಈ ಕಾಯ್ದೆ ಸಿಗುವುದು ಕಷ್ಟ, ಹಾಗಾಗಿ ಅಂಗಡಿಯವರು ಒಪ್ಪಂದದಲ್ಲೇ ಗಟ್ಟಿ ಮಾಡಿಕೊಳ್ಳಬೇಕು: ಕೈ ಬದಲಾಗುವ 30 ದಿನ ಮೊದಲು ಲಿಖಿತ ನೋಟಿಸು, ಕೋಡ್ ಮತ್ತು ಪಾಸ್‌ವರ್ಡ್‌ಗಳ ಹಸ್ತಾಂತರ, ಬೇಡವೆಂದರೆ ದಂಡವಿಲ್ಲದೆ ಹೊರಬರುವ ಹಕ್ಕು, ಉಳಿದ ತಿಂಗಳುಗಳ ಎಎಂಸಿ ಹಣ ವಾಪಸ್. ಈ ನಾಲ್ಕು ಸಾಲು ಸೇರಿಸಲು ಒಪ್ಪದ ಕಂಪನಿ ತನ್ನನ್ನು ಮಾರಿಕೊಳ್ಳುವ ಯೋಚನೆಯಲ್ಲಿದೆ ಎಂದೇ ನಮ್ಮ ಗುಮಾನಿ.

ಗಾರ್ಡ್ ಏಜೆನ್ಸಿಗಳಿಗಿರುವಂಥ ಲೆಕ್ಕ ಕ್ಯಾಮೆರಾ, ಅಲಾರಂ ಅಳವಡಿಸುವ ನಮ್ಮಂಥವರಿಗೂ ಬರಲಿ. ಮೈಸೂರು ನಗರ ಪೊಲೀಸ್ ಮತ್ತು ಮಂಡ್ಯ ಜಿಲ್ಲಾ ಪೊಲೀಸ್ ಪರವಾನಗಿ ಇರುವ ಏಜೆನ್ಸಿಗಳ ಪಟ್ಟಿಯನ್ನು ಹಳೆಯ ಹೆಸರು, ಹೊಸ ಹೆಸರುಗಳ ಸಮೇತ ಪ್ರತಿ ಠಾಣೆಯ ಸೂಚನಾ ಫಲಕದಲ್ಲಿ ಹಾಕಲಿ. ಅಳವಡಿಸುವವರ ನೋಂದಣಿಯನ್ನು ಅದರ ಪಕ್ಕದಲ್ಲೇ ಶುರುಮಾಡಿದರೆ ಹೆಸರು ಕೊಡಲು ನಾವು ಸಿದ್ಧ.

ಸಿಸಿಟಿವಿ ಮತ್ತು ಅಲಾರಂ ತಂತ್ರಜ್ಞರು, ಸರಸ್ವತಿಪುರಂ, ಮೈಸೂರು