ತರಂಗಿಣಿಯ ಡೆಕ್ ಮೇಲೆ ನಮ್ಮ ಮಕ್ಕಳೂ ಕಾಲಿಡಲಿ

ಮಾನ್ಯ ಸಂಪಾದಕರೇ,

ರಾಡಾರ್, ಜಿಪಿಎಸ್ ಇರುವ ಕಾಲದಲ್ಲಿ ನೌಕಾಪಡೆಗೆ ಹಾಯಿಹಡಗಿನ ಶೋಕಿ ಏಕೆ ಎಂದು ಕೇಳುವವರು ನಮ್ಮ ಕರಾವಳಿಯಲ್ಲೇ ಇರುವುದು ಸೋಜಿಗ. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ನೌಕಾಪಡೆಯ ತರಬೇತಿ ಹಾಯಿಹಡಗು ಐಎನ್‌ಎಸ್ ತರಂಗಿಣಿ 1997ರಲ್ಲಿ ಸೇವೆಗೆ ಸೇರಿತು. ಅದರ ತಂಗಿ ಸುದರ್ಶಿನಿ 2012ರಲ್ಲಿ. ಮೂರು ಕೂವೆಮರಗಳ ಈ ಹಡಗುಗಳ ನೆಲೆ ಕೊಚ್ಚಿ. 54 ಮೀಟರ್ ಉದ್ದದ ತರಂಗಿಣಿಯಲ್ಲಿ ಹಾಯಿಗಳೇ 20. ಎಂಜಿನ್ ಇದೆ, ಆದರೆ ಕಲಿಯಲು ಬಂದವರ ಕೈಗೆ ಮೊದಲು ಸಿಗುವುದು ಹಗ್ಗ. ಯಾವ ಹಗ್ಗ ಯಾವ ಹಾಯಿಯದು ಎಂಬುದು ಕತ್ತಲಲ್ಲೂ ಗೊತ್ತಿರಬೇಕು. ಗಾಳಿ ಜೋರಾದರೆ ಹಗ್ಗದ ಏಣಿ ಹತ್ತಿ, ಅಡ್ಡತೊಲೆಯ ಕೆಳಗೆ ಇಳಿಬಿಟ್ಟ ಹಗ್ಗದ ಮೇಲೆ ಪಾದವೂರಿ, ಹೊಟ್ಟೆಯನ್ನು ತೊಲೆಗೆ ಆನಿಸಿಕೊಂಡು ಹಾಯಿ ಸುತ್ತಬೇಕು. ಪಕ್ಕದವನು ಕೈಜೋಡಿಸದಿದ್ದರೆ ಆಗದ ಕೆಲಸ. ಕಂಪ್ಯೂಟರ್ ಪರದೆಯ ಮುಂದೆ ಕುಳಿತು ಇದು ಬರುವುದಿಲ್ಲ. ಇದೇ ತರಂಗಿಣಿ 2003–04ರಲ್ಲಿ ಭೂಮಿಯನ್ನೇ ಸುತ್ತಿ ಬಂದಿತು. ಭಾರತೀಯ ನೌಕಾಪಡೆಯ ಹಡಗುಗಳಲ್ಲಿ ಆ ಸಾಧನೆ ಮಾಡಿದ್ದು ಅದೇ ಮೊದಲು.

ಬೆಂಗ್ರೆ, ಮಲ್ಪೆಯ ಹಿರಿಯರಿಗೆ ಈ ವಿದ್ಯೆಯನ್ನು ಯಾರೂ ವಿವರಿಸಬೇಕಿಲ್ಲ. ಬೆಳಗಿನ ಜಾವದ ಮೂಡುಗಾಳಿಗೆ ಹಾಯಿ ಬಿಚ್ಚಿ ಹೊರಟು, ಮಧ್ಯಾಹ್ನದ ಪಡುಗಾಳಿ ಹಿಡಿದು ದಡ ಸೇರುತ್ತಿದ್ದ ಮೊಗವೀರರು ಅವರು. ಈಗ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಮರದ ಹಡಗುಗಳಲ್ಲೂ ಎಂಜಿನ್ನಿನದೇ ದರ್ಬಾರು. ಮೊಮ್ಮಕ್ಕಳು ಹಾಯಿ ಕಂಡಿರುವುದು ಮೊಬೈಲ್‌ನಲ್ಲಿ.

ಕೊಚ್ಚಿಯಿಂದ ಗೋವಾ, ಮುಂಬೈ ಕಡೆ ಹೊರಟ ಹಡಗಿಗೆ ಪಣಂಬೂರು ದಾರಿಯಲ್ಲೇ ಸಿಗುತ್ತದೆ. ಹಳೆ ಬಂದರಿನ ಅಳಿವೆಯ ಹೂಳಿನ ಕಥೆ ಎತ್ತುವುದು ಬೇಡ, ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ನಿಲ್ಲಲು ಒಂದು ಬರ್ತ್ ಸಾಕು. ಡಿಸೆಂಬರ್, ಜನವರಿಯಲ್ಲಿ ಕಡಲು ಶಾಂತವಾಗಿರುತ್ತದೆ, ವಾರ್ಷಿಕ ಪರೀಕ್ಷೆಗಳೂ ದೂರ. ಆಗ ಎರಡು ದಿನವಾದರೂ ಈ ಹಡಗುಗಳಲ್ಲೊಂದನ್ನು ಇಲ್ಲಿಗೆ ತಂದು ಜನರಿಗೆ ತೆರೆದಿಡುವಂತೆ ಜಿಲ್ಲಾಡಳಿತವೂ ಬಂದರು ಆಡಳಿತವೂ ಸೇರಿ ದಕ್ಷಿಣ ನೌಕಾ ಕಮಾಂಡ್‌ಗೆ ಬರೆಯಲಿ.

ಗಣ್ಯರಿಗೆ ಒಂದು ಗಂಟೆ ಧಾರಾಳ. ಶಾಲು, ಹಾರ, ಫೋಟೊ ಅಷ್ಟರಲ್ಲೇ ಮುಗಿಯಲಿ. ಉಳಿದ ಹೊತ್ತು ಎನ್‌ಸಿಸಿ ನೌಕಾ ದಳದ ಕೆಡೆಟ್‌ಗಳಿಗೆ, ಮೀನುಗಾರಿಕಾ ಕಾಲೇಜಿನವರಿಗೆ, ಎಲ್ಲಕ್ಕಿಂತ ಮೊದಲು ಕಡಲತೀರದ ಸರ್ಕಾರಿ ಶಾಲೆಗಳ ಹುಡುಗ ಹುಡುಗಿಯರಿಗೆ ಸಿಗಬೇಕು. ಬಂದರಿನೊಳಗೆ ಕಾಲಿಡಲು ಪಾಸ್ ಬೇಕೇ ಬೇಕು. ಶಾಲೆಗಳಿಂದ ಹೆಸರಿನ ಪಟ್ಟಿಯನ್ನು ವಾರ ಮೊದಲೇ ತರಿಸಿಕೊಂಡರೆ, ಮಕ್ಕಳು ಗೇಟಿನ ಹೊರಗೆ ಬಿಸಿಲಲ್ಲಿ ಒಣಗುವುದು ತಪ್ಪುತ್ತದೆ.

– ನಿವೃತ್ತ ಶಿಕ್ಷಕ, ಬೋಳೂರು, ಮಂಗಳೂರು