ನಮ್ಮ ಕಾಗದಕ್ಕೆ ಸಹಿ ಹಾಕುವವರು ಯಾರು?

ಮಾನ್ಯ ಸಂಪಾದಕರೇ,

ಹೆತ್ತವರನ್ನು ಬೀದಿಗೆ ಬಿಟ್ಟ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಲೇಬೇಕು. ಆದರೆ ಸರ್ಕಾರದ ಅನುದಾನದಲ್ಲಿ ನಡೆಯುವ ವೃದ್ಧಾಶ್ರಮಗಳಲ್ಲಿ ಮಕ್ಕಳೇ ಹುಟ್ಟದವರೂ ಇದ್ದೇವೆ. ನಮ್ಮ ಪಾಡು ಬೇರೆ, ಅದನ್ನು ಯಾರೂ ಕೇಳಿದಂತಿಲ್ಲ.

ನಾನು ಧಾರವಾಡ ಜಿಲ್ಲೆಯವನು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದೆ. ಆಫ್‌ಸೆಟ್ ಬಂದ ಮೇಲೆ ಆ ಕೆಲಸ ಹೋಯಿತು. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಕಟ್ಟಲಾಗದೆ ಇಲ್ಲಿಗೆ ಬಂದೆ. 25 ಮಂದಿಯ ಲೆಕ್ಕಕ್ಕೆ ಅನುದಾನ ಬರುವ ಆಶ್ರಮ ಇದು. ಊಟಕ್ಕೆ ಕೊರತೆಯಿಲ್ಲ; ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತಾರೆ. ಮೇಲ್ವಿಚಾರಕಿ ಒಳ್ಳೆಯ ಹೆಣ್ಣುಮಗಳು. ನನ್ನ ದೂರು ಆಶ್ರಮದ ಮೇಲಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ಪಕ್ಕದ ಕಾಟಿನವರು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಅವರಿಗೂ ಮಕ್ಕಳಿಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಹೋದವನು ನಾನು. ಆಪರೇಷನ್‌ಗೆ ಒಪ್ಪಿಗೆ ಪತ್ರ ತಂದ ಸಿಸ್ಟರ್ ನನ್ನನ್ನು ಕೇಳಿದರು: “ಅಜ್ಜಾರ, ನೀವು ಇವರಿಗೆ ಏನಾಗಬೇಕ್ರಿ?” ಏನೂ ಆಗಬೇಕಿಲ್ಲವ್ವಾ, ಒಂದೇ ಆಶ್ರಮದವರು ಅಂದೆ. “ಹಂಗಾದ್ರ ನಿಮ್ಮ ಸಹಿ ನಡೆಯಂಗಿಲ್ರಿ, ರಕ್ತಸಂಬಂಧಿಕರು ಬೇಕು” ಅಂದರು. ಮೇಲ್ವಿಚಾರಕಿಗೆ ಫೋನ್ ಮಾಡಿದೆವು. ನಾಳೆ ಹೆಚ್ಚುಕಡಿಮೆಯಾದರೆ ಪೊಲೀಸ್ ಕೇಸ್ ತನ್ನ ತಲೆಗೆ ಬರುತ್ತದೆ ಎಂದು ಆಕೆಗೂ ಹೆದರಿಕೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಅಷ್ಟರಲ್ಲಿ ಆವತ್ತಿನ ಆಪರೇಷನ್ ಪಟ್ಟಿ ಮುಗಿಯಿತು. ಆ ಮನುಷ್ಯ ಮುಂದಿನ ಸರದಿಯವರೆಗೆ ಕಾಲಿಗೆ ತೂಕ ಕಟ್ಟಿಸಿಕೊಂಡು ಹಲ್ಲು ಕಚ್ಚಿ ಮಲಗಿದ್ದರು. ಅವರಿಗೆ ಪೂರ್ತಿ ಎಚ್ಚರವಿತ್ತು, ಮಾತು ಸ್ಪಷ್ಟವಿತ್ತು, ಸಹಿ ಹಾಕಲು ಕೈಯೂ ಗಟ್ಟಿ ಇತ್ತು. ಅವರನ್ನೇ ಯಾರೂ ಕೇಳಲಿಲ್ಲ!

ಆಮೇಲೆ ಆಶ್ರಮಕ್ಕೆ ಬಂದ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಮುಂದೆ ಇದನ್ನು ಹೇಳಿದೆ. ಪ್ರಜ್ಞೆಯಿರುವ ವಯಸ್ಕ ರೋಗಿಯ ಒಪ್ಪಿಗೆಯೇ ಮುಖ್ಯ, ಅವರ ಬದಲು ಹೆತ್ತ ತಾಯಿ ಒಪ್ಪಿದರೂ ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆಯಂತೆ. ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ತಿಳಿಸುವುದು ಇಲಾಖೆಯ ಕೆಲಸವಲ್ಲವೇ?

ಇನ್ನು 2007ರ ಹಿರಿಯ ನಾಗರಿಕರ ಕಾಯ್ದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರನಾಗುವ ಸಂಬಂಧಿಯಿಂದ ಜೀವನಾಂಶ ಕೇಳಬಹುದು, ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಸರಿ. ಆಸ್ತಿಯೇ ಇಲ್ಲದವರು ಯಾರನ್ನು ಕೇಳಬೇಕು? ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿಗೆ ಸಾಲುವ ವೃದ್ಧಾಶ್ರಮದ ಮಾತು ಅದೇ ಕಾಯ್ದೆಯಲ್ಲಿದೆ. ಒಳಗೆ ಸೇರಿಸಿಕೊಂಡ ಮೇಲೆ ನಮ್ಮ ಪರವಾಗಿ ನಿಲ್ಲುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು ಈಗ ಅವಕಾಶವಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು. ಆದರೆ ನಮಗೆ ಪ್ರಜ್ಞೆ ತಪ್ಪಿದಾಗ ತೀರ್ಮಾನ ಮಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ನಾನು ಯಾರ ಹೆಸರು ಬರೆಯಲಿ?

ಸತ್ತ ಮೇಲಿನ ಮಾತೂ ಇದೆ. ನನ್ನ ಪಕ್ಕದವರು ಲಿಂಗವಂತರು, ಇಷ್ಟಲಿಂಗವನ್ನು ಕೊರಳಿಂದ ತೆಗೆದವರಲ್ಲ. “ನನ್ನ ಸುಡಬ್ಯಾಡ್ರಿ, ಮಣ್ಣು ಮಾಡ್ರಿ” ಎಂದು ನನಗೆ, ಆಯಾಗೆ, ಔಷಧಿ ತರುವ ಹುಡುಗನಿಗೂ ಹೇಳುತ್ತಿರುತ್ತಾರೆ. ಬಾಯಿಮಾತಿನಲ್ಲಿ ಹೇಳಿದ್ದು ಯಾವ ಕಡತದಲ್ಲೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಜೀವ ಹೋಗಿ, ಕೇಳುವವರಿಲ್ಲದೆ ‘ವಾರಸುದಾರರಿಲ್ಲ’ ಎಂದು ಬರೆದುಬಿಟ್ಟರೆ ಏನು ಗತಿ ಎಂದು ಆ ಮುದಿ ಜೀವಕ್ಕೆ ರಾತ್ರಿ ನಿದ್ದೆಯಿಲ್ಲ. ಅದು ಸಣ್ಣ ಆಸೆಯಲ್ಲ ಸ್ವಾಮಿ.

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ಕೇಳಿಕೊಳ್ಳುವುದು ಇಷ್ಟು. ಆಶ್ರಮಕ್ಕೆ ಸೇರುವ ದಿನವೇ ನಮ್ಮ ಇಚ್ಛೆಗಳನ್ನು ಕೇಳಿ ಬರೆದುಕೊಳ್ಳಿ: ಯಾರಿಗೆ ತಿಳಿಸಬೇಕು, ಹೂಳಬೇಕೋ ಸುಡಬೇಕೋ, ವೆಂಟಿಲೇಟರ್ ಬೇಕೋ ಬೇಡವೋ. ವರ್ಷಕ್ಕೊಮ್ಮೆ ಗೆಜೆಟೆಡ್ ಅಧಿಕಾರಿಯೊಬ್ಬರನ್ನು ಆಶ್ರಮಕ್ಕೇ ಕಳಿಸಿ ಸಹಿ ಮಾಡಿಸಿ. ರಕ್ತಸಂಬಂಧಿಯಿಲ್ಲದವರ ಪರವಾಗಿ ನಿಲ್ಲಲು ಜಿಲ್ಲೆಗೊಬ್ಬ ಅಧಿಕಾರಿಯನ್ನು ಲಿಖಿತ ಆದೇಶದಲ್ಲಿ ನೇಮಿಸಿ, ಅವರ ಫೋನ್ ನಂಬರ್ ಆಸ್ಪತ್ರೆಯಲ್ಲೂ ಇರಲಿ. ಆಸ್ಪತ್ರೆಯಲ್ಲಿ ರಾತ್ರಿ ರೋಗಿಯ ಬಳಿ ಯಾರಾದರೂ ಇರಲೇಬೇಕು ಅನ್ನುತ್ತಾರೆ. ನಮ್ಮಲ್ಲಿರುವವರು ಇಬ್ಬರೇ ಆಯಾಗಳು, ಒಬ್ಬರು ಅಲ್ಲಿಗೆ ಹೋದರೆ ಉಳಿದವರೆಲ್ಲರ ಭಾರ ಇನ್ನೊಬ್ಬರ ಮೇಲೆ. ಅದಕ್ಕೂ ಅನುದಾನದಲ್ಲಿ ಒಂದಿಷ್ಟು ಹಣ ಇಡಿ.

ಇಲಾಖೆಯವರು ಇದೇ ಅಂಕಣದಲ್ಲಿ ಉತ್ತರ ಕೊಟ್ಟರೆ, ಅದನ್ನು ಊಟದ ಕೋಣೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವೆ.

ಇತಿ,
ಒಬ್ಬ ಹಳೆಯ ಕಂಪೋಸಿಟರ್
ಧಾರವಾಡ ಜಿಲ್ಲೆ