ಕಾಫಿಗೆ ಬಂದ ಕಾಯ್ದೆ ಯಾರ ಮಾತಿಗೆ ಬಗ್ಗುತ್ತಿದೆ? ಮೈಸೂರು-ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು. ಯುರೋಪಿನ ಅರಣ್ಯನಾಶ ತಡೆ ಕಾಯ್ದೆಯ ಬಗ್ಗೆ ನೀವು ಸಂಸತ್ತಿನಲ್ಲಿ ದನಿ ಎತ್ತಬೇಕು ಅಂತ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಈ ಕಾಯ್ದೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವ ಹಾಗಿಲ್ಲ. ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ದನ, ಮರಕ್ಕೂ ಇದೇ ನಿಯಮ. ಯಾವ ಕಾಫಿ ಯಾವ ತೋಟದ್ದು ಅಂತ ಜಿಪಿಎಸ್ ಗುರುತಿನ ಸಮೇತ ತೋರಿಸಬೇಕು. ತೋಟ ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಮೀರಿದರೆ ಸುತ್ತಲಿನ ಗಡಿಯನ್ನೇ ಗುರುತು ಮಾಡಿ ಕೊಡಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಸುಮಾರು ಮೂರನೇ ಒಂದು ಪಾಲು ಕೊಡಗಿನದ್ದೇ. ಬೆಳೆದದ್ದರಲ್ಲಿ ಹೆಚ್ಚಿನ ಭಾಗ ಹೊರದೇಶಕ್ಕೆ ಹೋಗುತ್ತದೆ. ಅದರಲ್ಲೂ ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗಿರಾಕಿಗಳು. ಹಾಗಾಗಿ ಯುರೋಪಿನ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಒಂದು ಸಾಲು ಬದಲಾದರೆ ನಮ್ಮ ಕಣದಲ್ಲಿ ಬೆಲೆ ಬದಲಾಗುತ್ತದೆ.

ಕಾಡು ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಬಂದಾಗ ಏನಾಯಿತು ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರೆಸಾರ್ಟ್, ಲೇಔಟ್ ಅಂತ ಇಲ್ಲಿ ಮರ ಉರುಳುತ್ತಿರುವುದೂ ನಿಜ. ನನ್ನ ತಕರಾರು ಬೇರೆಯದು. ಈ ಕಾಯ್ದೆ ಬಲ ಇದ್ದವರ ಮುಂದೆ ಸಡಿಲವಾಗುತ್ತಿದೆ. ಬಲ ಇಲ್ಲದವರ ಮೇಲೆ ಹಾಗೇ ಬಿಗಿಯಾಗಿ ಉಳಿಯುತ್ತಿದೆ.

ಸ್ವಲ್ಪ ಹಿಂದಿನದು ನೋಡಿ. 2025ರ ಮೇ ತಿಂಗಳಲ್ಲಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿನ ಆಯೋಗ ದೇಶಗಳನ್ನು ಕಾಡು ನಾಶದ ಅಪಾಯದ ಲೆಕ್ಕದಲ್ಲಿ ಮೂರು ಗುಂಪು ಮಾಡಿತು. ಹೆಚ್ಚು ಅಪಾಯದ ಗುಂಪಿನಲ್ಲಿ ಇಟ್ಟದ್ದು ನಾಲ್ಕೇ ದೇಶ: ರಷ್ಯಾ, ಬೆಲಾರಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ನಾಲ್ಕೂ ಯುರೋಪಿನ ನಿರ್ಬಂಧ ಎದುರಿಸುತ್ತಿರುವ ದೇಶಗಳು. ಅಮೆಜಾನ್ ಕಾಡಿನ ಬ್ರೆಜಿಲ್, ತಾಳೆ ತೋಟಗಳ ಇಂಡೋನೇಷ್ಯಾ ಮಧ್ಯದ ಗುಂಪಿಗೆ ಹೋದವು. ಕಾಡಿನ ಲೆಕ್ಕ ಮಾತ್ರ ನೋಡಿ ಮಾಡಿದ ಪಟ್ಟಿ ಇದು ಅಂತ ನಂಬುವುದು ನನಗೆ ಕಷ್ಟ.

ಅದೇ ವರ್ಷ ಜುಲೈ 27ರಂದು ಸ್ಕಾಟ್ಲೆಂಡಿನಲ್ಲಿ ಟ್ರಂಪ್ ಮತ್ತು ಯುರೋಪಿನ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಸುಂಕದ ಒಪ್ಪಂದಕ್ಕೆ ಬಂದರು. ಆಗಸ್ಟ್ 21ರ ಜಂಟಿ ಹೇಳಿಕೆಯಲ್ಲಿ ನಮ್ಮ ಈ ಕಾಯ್ದೆಯೂ ಬಂತು. ಅಮೆರಿಕದ ಉತ್ಪಾದನೆಯಿಂದ ಜಗತ್ತಿನ ಕಾಡಿಗೆ ಇರುವ ಅಪಾಯ ನಗಣ್ಯ, ಅಲ್ಲಿನ ಉತ್ಪಾದಕರ ಆತಂಕ ನಿವಾರಿಸಲು ಕೆಲಸ ಮಾಡುತ್ತೇವೆ ಅಂತ ಯುರೋಪ್ ಮಾತು ಕೊಟ್ಟಿತು. ಸುಂಕದ ಬೆದರಿಕೆ ಹಾಕಿ ಕೂತವರಿಗೆ ಕಾಡಿನ ನಿಯಮದಲ್ಲೂ ಭರವಸೆ ಸಿಕ್ಕಿತು. ಇದು ಮುಚ್ಚುಮರೆಯ ಸಂಗತಿ ಅಲ್ಲ, ಹೇಳಿಕೆಯಲ್ಲೇ ಬರೆದಿದೆ.

ಕಾಯ್ದೆ ಅನ್ವಯವಾಗುವ ದಿನ ಈವರೆಗೆ ಎರಡು ಸಲ ಮುಂದೆ ಹೋಗಿದೆ. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. 2025ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ಇನ್ನೊಂದು ಸೌಕರ್ಯವೂ ಬಂತು. ಕಡಿಮೆ ಅಪಾಯದ ದೇಶದಲ್ಲಿ ತಾವೇ ಬೆಳೆದು ತಾವೇ ಮಾರುಕಟ್ಟೆಗೆ ಬಿಡುವ ಸಣ್ಣ ಉತ್ಪಾದಕರು ಒಂದು ಸಲ ಸರಳ ಘೋಷಣೆ ಕೊಟ್ಟರೆ ಸಾಕು. ಯುರೋಪಿನ ಸಣ್ಣ ರೈತನಿಗೆ ಇದು ದೊಡ್ಡ ನೆಮ್ಮದಿ. ಭಾರತವೂ ಕಡಿಮೆ ಅಪಾಯದ ಪಟ್ಟಿಯಲ್ಲೇ ಇದೆ. ಆದರೆ ಕೊಡಗಿನ ಸಣ್ಣ ಬೆಳೆಗಾರ ನೇರವಾಗಿ ಯುರೋಪಿಗೆ ಮಾರುತ್ತಾನಾ?

ನಮ್ಮಲ್ಲಿ ನಡೆಯುವುದು ಹೀಗೆ. ಕಾಯಿ ಕುಯ್ದು ಕಣದಲ್ಲಿ ಒಣಗಿಸಿ ಊರಿನ ವ್ಯಾಪಾರಿಗೆ ಚೀಲದ ಲೆಕ್ಕದಲ್ಲಿ ಕೊಡುತ್ತೇವೆ. ಅವರು ಹತ್ತಾರು ತೋಟದ ಮಾಲು ಸೇರಿಸಿ ಕಾಯಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತಾರೆ. ಅಲ್ಲಿಂದ ರಫ್ತುದಾರರಿಗೆ. ಹೊಸ ಕಾಯ್ದೆಯಲ್ಲಿ ಗುರುತಿಲ್ಲದ ತೋಟದ ಕಾಫಿ ಅದರಲ್ಲಿ ಬೆರೆಯುವ ಹಾಗಿಲ್ಲ. ದಂಡ ಬೀಳುವುದು ಅಲ್ಲಿನ ಆಮದುದಾರನಿಗೆ. ಅವನು ರಫ್ತುದಾರನ ಹತ್ತಿರ ಕಾಗದ ಕೇಳುತ್ತಾನೆ, ರಫ್ತುದಾರ ವ್ಯಾಪಾರಿಯ ಹತ್ತಿರ, ವ್ಯಾಪಾರಿ ನಮ್ಮ ಹತ್ತಿರ. ಕಾಗದ ಇದ್ದವನಿಗೆ ಒಂದು ಬೆಲೆ, ಇಲ್ಲದವನಿಗೆ ಇನ್ನೊಂದು ಬೆಲೆ ಅಂತ ಆಗುವ ದಿನ ದೂರ ಇಲ್ಲ. ದೊಡ್ಡ ಎಸ್ಟೇಟಿನವರು ಇದಕ್ಕೆ ಜನ ಇಟ್ಟುಕೊಳ್ಳುತ್ತಾರೆ. ನಾವು ಏನು ಮಾಡೋಣ?

ಕಾಗದ ಅಂದರೆ ಕೊಡಗಿನಲ್ಲಿ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿದೆ. ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮೀನಿನ ಎಷ್ಟೋ ಆರ್‌ಟಿಸಿಗಳಲ್ಲಿ ಇವತ್ತಿಗೂ ತೀರಿಹೋದ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ ಹೆಸರೇ ಇದೆ. ಕುಟುಂಬದಲ್ಲಿ ಪಾಲು ಬಾಯಿಮಾತಲ್ಲಿ ಆಗಿರುತ್ತದೆ, ದಾಖಲೆಯಲ್ಲಿ ಆಗಿರುವುದಿಲ್ಲ. ಬೆಳೆ ಆ ದೇಶದ ಕಾನೂನಿನ ಪ್ರಕಾರವೇ ಬೆಳೆದದ್ದಾಗಿರಬೇಕು ಅನ್ನುವ ಷರತ್ತೂ ಈ ಕಾಯ್ದೆಯಲ್ಲಿದೆ. ಭೂಮಿಯ ಹಕ್ಕಿನ ಪ್ರಶ್ನೆ ಅಲ್ಲಿಗೇ ಬರುತ್ತದೆ.

ನೆರಳಿನ ವಿಷಯವೂ ಇದೆ. ನಮ್ಮ ಕಾಫಿ ಬೆಳೆಯುವುದು ಹಲಸು, ನಂದಿ, ಅತ್ತಿ ಮರಗಳ ಕೆಳಗೆ. ಮೇಲಿಂದ ನೋಡಿದರೆ ತೋಟ ಯಾವುದು, ಕಾಡು ಯಾವುದು ಅಂತ ಬೇರೆ ಮಾಡುವುದು ಸುಲಭವಲ್ಲ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿದ, ಅಂದರೆ ನೆರಳಿನ ಮರದ ಕೊಂಬೆ ಸವರಿದ ತೋಟವನ್ನು ಉಪಗ್ರಹದ ಚಿತ್ರದಲ್ಲಿ ನೋಡಿ ಯಾರೋ ಕಾಡು ಕಡಿದಿದ್ದಾರೆ ಅಂದರೆ, ಅಲ್ಲ ಅಂತ ನಾವು ಯಾರ ಮುಂದೆ ಹೇಳಬೇಕು? ಅಲ್ಲಿ ಭಾರತದ ಪರವಾಗಿ ಮಾತಾಡುವವರು ಇರಬೇಕು.

ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ತಟ್ಟಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲಿನ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪಲಿಲ್ಲ. ಕೇಸು ಗೆದ್ದರೂ ಸೋತವರು ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿ ತೀರ್ಪನ್ನು ತಡೆಹಿಡಿಯಬಹುದು. ಉಳಿದಿರುವುದು ದೆಹಲಿ ಮತ್ತು ಬ್ರಸೆಲ್ಸ್ ನಡುವಿನ ನೇರ ಮಾತುಕತೆ. 2023ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ ಸೇರಿ ಯುರೋಪಿನ ಜೊತೆ ಈ ಕಾಯ್ದೆಗಾಗಿಯೇ ಒಂದು ಜಂಟಿ ಕಾರ್ಯಪಡೆ ಮಾಡಿಕೊಂಡವು. ತಾಳೆ ಎಣ್ಣೆಗೆ ಅಷ್ಟು ಗಟ್ಟಿ ದನಿ ಇದ್ದರೆ ಕಾಫಿಗೆ ಯಾಕೆ ಇರಬಾರದು?

ಯುರೋಪಿನ ರೈತನಿಗೆ ಕೊಟ್ಟ ಸರಳ ಘೋಷಣೆಯ ಸೌಕರ್ಯ, ವ್ಯಾಪಾರಿಯ ಮೂಲಕ ಮಾರುವ ನಮ್ಮ ಸಣ್ಣ ಬೆಳೆಗಾರರಿಗೂ ಸಿಗಬೇಕು ಅಂತ ವಾಣಿಜ್ಯ ಸಚಿವರು ಲಿಖಿತವಾಗಿ ಕೇಳಲಿ. ಹಾಗೆ ಕೇಳಿದ್ದಾರಾ ಅಂತ ನೀವು ಲೋಕಸಭೆಯಲ್ಲಿ ಪ್ರಶ್ನೆ ಹಾಕಿ. ತೋಟದ ಗಡಿ ಗುರುತಿಸುವ ಕೆಲಸವನ್ನು ಕಾಫಿ ಮಂಡಳಿ ಊರೂರಿಗೆ ಬಂದು ಪುಕ್ಕಟೆ ಮಾಡಿಕೊಡಲಿ. ಆ ಮಾಹಿತಿ ಮಂಡಳಿಯ ಕೈಯಲ್ಲೇ ಇರಲಿ, ಖಾಸಗಿ ಖರೀದಿದಾರರ ಪಾಲಾಗದಿರಲಿ. ಜಮ್ಮಾ ದಾಖಲೆ ಅಂದರೆ ಏನು ಅಂತ ವಿವರಿಸುವ ಒಂದು ಅಧಿಕೃತ ಪತ್ರವನ್ನು ರಾಜ್ಯ ಮತ್ತು ಕೇಂದ್ರ ಸೇರಿ ಯುರೋಪಿಗೆ ಕೊಡಲಿ. ಇದಕ್ಕೆ ನೀವು ಬೆಂಗಳೂರಿನಲ್ಲೂ ಓಡಾಡಬೇಕಾಗುತ್ತದೆ.

ಅರೇಬಿಕಾ ಕುಯ್ಲು ಮುಗಿದು ರೊಬಸ್ಟಾ ಶುರುವಾಗುವ ಹೊತ್ತಿಗೆ ಡಿಸೆಂಬರ್ 30 ಬಂದಿರುತ್ತದೆ. ಅದಕ್ಕೆ ಮೊದಲು, ಸಂಸತ್ತಿನ ಮುಂದಿನ ಅಧಿವೇಶನದಲ್ಲೇ ಈ ಪ್ರಶ್ನೆ ಕೇಳಿ. ಸಿಕ್ಕ ಉತ್ತರವನ್ನು ಸೋಮವಾರಪೇಟೆಗೆ ಬಂದು ಬೆಳೆಗಾರರ ಮುಂದೆ ಓದಿ ಹೇಳಿ.

ಇಂತಿ,
ಕೊಡಗಿನ ಒಬ್ಬ ಸಣ್ಣ ಕಾಫಿ ಬೆಳೆಗಾರ